ಎಲ್ಲರನ್ನೂ ಮೆಚ್ಚಿಸಲಾದೀತೇ?

ಅಪ್ಪ, ಮಗ ಮತ್ತು ಕತ್ತೆಯ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಕತ್ತೆಯನ್ನು ಮಾರಲು ಸಂತೆಗೆ ಹೊರಟವರು ಮೊದಲು ಅದನ್ನು ಸುಮ್ಮನೆ ನಡೆಸಿಕೊಂಡು ಹೋಗುತ್ತಾರೆ, ದಾರಿಯವರು ನಗುತ್ತಾರೆ. ಮಗ ಕೂತರೆ ಮುದುಕನ ಮೇಲೆ ಕನಿಕರವಿಲ್ಲವೇ ಎನ್ನುತ್ತಾರೆ. ಅಪ್ಪ ಕೂತರೆ ಎಳೆಯ ಹುಡುಗನನ್ನು ನಡೆಸುತ್ತಾನಲ್ಲ ಎನ್ನುತ್ತಾರೆ. ಇಬ್ಬರೂ ಕೂತರೆ ಮೂಕಪ್ರಾಣಿಯ ಗತಿ ಏನು ಎನ್ನುತ್ತಾರೆ. ಕೊನೆಗೆ ಕತ್ತೆಯನ್ನೇ ಹೊತ್ತು ನಡೆದಾಗ ಅದು ಸೇತುವೆಯ ಮೇಲೆ ಕೊಸರಾಡಿ ಹೊಳೆಗೆ ಬೀಳುತ್ತದೆ. ಶಾಲೆಯಲ್ಲಿ ಮೇಷ್ಟ್ರು ಈ ಕಥೆ ಹೇಳಿದಾಗ ನಾವು ಹೊಟ್ಟೆ ತುಂಬ ನಕ್ಕೆವು. ನಕ್ಕು ಮನೆಗೆ ಹೋದವರು ಮರುದಿನದಿಂದ ಎಲ್ಲರನ್ನೂ ಮೆಚ್ಚಿಸುವ ಕೆಲಸಕ್ಕೇ ತೊಡಗಿದೆವು ಎಂಬುದು ಬೇರೆ ಮಾತು.

ಇದೇ ಕಥೆಯನ್ನು 1981ರಲ್ಲಿ ಚಿತ್ರಕಾರರೊಬ್ಬರು ಐದೂಮುಕ್ಕಾಲು ಅಡಿ ಉದ್ದ, ಅಷ್ಟೇ ಅಗಲದ ಕ್ಯಾನ್ವಾಸಿನ ಮೇಲೆ ಬರೆದರು. ಹೆಸರು 'ಯು ಕಾಂಟ್ ಪ್ಲೀಸ್ ಆಲ್', ಎಂದರೆ ಎಲ್ಲರನ್ನೂ ಮೆಚ್ಚಿಸಲಾಗದು. ಚಿತ್ರಕಾರರು ಭೂಪೇನ್ ಖಖ್ಖರ್. ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. 2016ರಲ್ಲಿ ಅಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆದಾಗ ಅದಕ್ಕೆ ಇಟ್ಟದ್ದೂ ಇದೇ ಹೆಸರು.

ಖಖ್ಖರರು ನಮ್ಮ ಮುಂಬಯಿಯವರೇ. 1934ರಲ್ಲಿ ಖೇತವಾಡಿಯಲ್ಲಿ ಹುಟ್ಟಿದವರು. ಗುಜರಾತಿ ಮನೆಮಾತಿನ ಸಾಧಾರಣ ಕುಟುಂಬ. ಓದಿದ್ದು ಅರ್ಥಶಾಸ್ತ್ರ ಮತ್ತು ವಾಣಿಜ್ಯ, ಆದದ್ದು ಚಾರ್ಟರ್ಡ್ ಅಕೌಂಟೆಂಟ್. ಮನೆಯವರ ದೃಷ್ಟಿಯಲ್ಲಿ ಅಲ್ಲಿಗೆ ಬಾಳು ನೆಟ್ಟಗಾಯಿತು. ಆದರೆ ಅವರು 1962ರಲ್ಲಿ ಮುಂಬಯಿ ಬಿಟ್ಟು ಬಡೋದೆಗೆ ಹೋಗಿ ನೆಲೆಸಿದರು. ನಾವೆಲ್ಲ ಊರು ಬಿಟ್ಟು ಮುಂಬಯಿಗೆ ಬಂದವರು. ಅವರು ಮುಂಬಯಿ ಬಿಟ್ಟು ಚಿಕ್ಕ ಊರಿಗೆ ಹೋದವರು. ಅಲ್ಲಿ ಲೆಕ್ಕಪತ್ರದ ಕೆಲಸವನ್ನು ಪೂರ್ತಿ ಬಿಡದೆ, ಅರ್ಧ ದಿನ ಲೆಕ್ಕ, ಉಳಿದ ಹೊತ್ತು ಚಿತ್ರ ಎಂದು ಬಹುಕಾಲ ಬದುಕಿದರು. ನಮ್ಮ ಬ್ಯಾಂಕು, ಕಂಪೆನಿಗಳ ಲೆಕ್ಕದ ಮೇಜಿನಲ್ಲಿ ಕೂತು ಸಂಜೆ ನಾಟಕ, ಯಕ್ಷಗಾನ ಎಂದು ಓಡುವ ಮಂದಿಗೆ ಈ ಬಗೆಯ ಜೀವನ ಹೊಸತೇನಲ್ಲ.

ಮೊದಮೊದಲು ಅವರು ಬರೆದದ್ದು ಗಡಿಯಾರ ರಿಪೇರಿಯವನನ್ನು, ದರ್ಜಿಯನ್ನು, ಕ್ಷೌರದ ಅಂಗಡಿಯನ್ನು. 1972ರ 'ಜನತಾ ವಾಚ್ ರಿಪೇರಿಂಗ್' ಅಂಥದೊಂದು. ಅರಮನೆಯ ಗೋಡೆಗೂ ದಾನಿಗಳ ಸಭಾಭವನಕ್ಕೂ ಮೀಸಲಾಗಿದ್ದ ಭಾವಚಿತ್ರದ ಗೌರವವನ್ನು ಬೀದಿಬದಿಯ ಮನುಷ್ಯನಿಗೆ ಕೊಟ್ಟ ಕೆಲಸವದು. ಚಿತ್ರ ನುರಿತ ಕೈಯದಲ್ಲ, ಕ್ಯಾಲೆಂಡರಿನಂತಿದೆ ಎಂದು ಮೂಗು ಮುರಿದವರಿದ್ದರು. ನನಗೂ ಮೊದಲ ನೋಟಕ್ಕೆ ಹಾಗೇ ಅನ್ನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ನೋಡುತ್ತ ಹೋದಂತೆ ಆ ಮುಖಗಳು ಬಿಡುವುದಿಲ್ಲ.

1981ರ ಚಿತ್ರದಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಬಾಲ್ಕನಿಯಲ್ಲಿ ಬೆತ್ತಲೆ ನಿಂತಿದ್ದಾನೆ. ನಮಗೆ ಕಾಣುವುದು ಬಹುಮಟ್ಟಿಗೆ ಅವನ ಬೆನ್ನು. ಕಟಾಂಜನದ ಆಚೆ ಊರು ತನ್ನ ಪಾಡಿಗೆ ತಾನಿದೆ. ಆ ಊರಿನ ನಡುವೆ ಅಪ್ಪ, ಮಗ, ಕತ್ತೆ ಕಥೆಯ ಒಂದೊಂದು ಘಟ್ಟದಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಬಾಲ್ಕನಿಯ ಮನುಷ್ಯ ಚಿತ್ರಕಾರರೇ ಎಂದು ಬಲ್ಲವರು ಹೇಳುತ್ತಾರೆ. ತಾನು ಹೆಣ್ಣನ್ನಲ್ಲ, ಗಂಡನ್ನು ಪ್ರೀತಿಸುವವನು ಎಂಬ ಮಾತನ್ನು ಖಖ್ಖರರು ಬಣ್ಣದಲ್ಲಿ ಬಹಿರಂಗವಾಗಿ ಹೇಳಿಕೊಂಡದ್ದು ಇಲ್ಲಿಂದ. ಆಗ ಅವರಿಗೆ ನಲವತ್ತಾರು ದಾಟಿತ್ತು, ತಾಯಿ ತೀರಿಕೊಂಡಿದ್ದರು. ಅದಕ್ಕೆ ಸ್ವಲ್ಪ ಹಿಂದೆ, 1979ರಲ್ಲಿ, ಅವರು ಕೆಲವು ತಿಂಗಳು ಇಂಗ್ಲೆಂಡಿನಲ್ಲಿ ಕಲೆ ಕಲಿಸಲು ಹೋಗಿದ್ದರು. ಅಲ್ಲಿ ಗಂಡಸರಿಬ್ಬರು ಒಟ್ಟಿಗೆ ಬಾಳುವುದು 1967ರಿಂದ ಈಚೆಗೆ ಅಪರಾಧವಾಗಿರಲಿಲ್ಲ. ಆ ದಿನಗಳ ಚಿತ್ರಗಳಲ್ಲಿ 'ಮ್ಯಾನ್ ಇನ್ ಪಬ್' ಒಂದು: ಪರನಾಡಿನ ಚಳಿಯಲ್ಲಿ ಒಬ್ಬಂಟಿಯಾಗಿ ಕುಡಿಯುತ್ತ ಕೂತವನ ಚಿತ್ರ. ಆ ಒಂಟಿತನವನ್ನು ಕಾಣಲು ಪರದೇಶಿಯ ಕಣ್ಣೇ ಬೇಕಾಯಿತೇನೋ. 1982ರಲ್ಲಿ 'ಟೂ ಮೆನ್ ಇನ್ ಬೆನಾರಸ್' ಬಂತು. ಅಪ್ಪಿಕೊಂಡ ಇಬ್ಬರು ಗಂಡಸರು, ಸುತ್ತ ಕಾಶಿಯ ದೈನಂದಿನ ಜೀವನ. 2019ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 25 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಹಣದ ಮಾತು ಬಂದೊಡನೆ ಮೂಗು ಮುರಿದವರೂ ತಲೆದೂಗುತ್ತಾರೆ. ಇದೂ ಕತ್ತೆಯ ಕಥೆಯ ಒಂದು ಅಧ್ಯಾಯ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಚಿತ್ರಕಲೆಯದಲ್ಲ. ತಾಯಿ ಇರುವಷ್ಟು ಕಾಲ ಆ ಮನುಷ್ಯ ತಾನು ಯಾರೆಂದು ಬಾಯಿಬಿಟ್ಟು ಹೇಳಲಿಲ್ಲ. ಆ ಮೌನ ಸುಳ್ಳೇ? ಸುಳ್ಳಾದರೆ ಅದರ ಪಾಪ ಯಾರಿಗೆ, ಹೇಳದವನಿಗೋ ಅಥವಾ ಹೇಳಲಾಗದಂತೆ ಮಾಡಿದವರಿಗೋ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ಯಕ್ಷಗಾನದ ರಂಗಸ್ಥಳ ನೆನಪಾಗುತ್ತದೆ. ವಿರಾಟನ ನಗರಕ್ಕೆ ಬಂದ ಪಾಂಡವರೆಲ್ಲ ಹೆಸರು ಬದಲಿಸಿಕೊಂಡರು. ಭೀಮ ವಲಲನಾದ, ದ್ರೌಪದಿ ಸೈರಂಧ್ರಿಯಾದಳು, ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯ ಕಲಿಸಿದ. ಧರ್ಮರಾಯನೇ ಕಂಕನೆಂದು ಹೇಳಿಕೊಂಡ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮನ ಕುರಿತು ಅವನಾಡಿದ ಅರೆಮಾತನ್ನು ತಾಳಮದ್ದಳೆಯ ಅರ್ಥಧಾರಿಗಳು ಇಂದಿಗೂ ಕೆದಕುತ್ತಾರೆ. ಆದರೆ ಕಂಕನೆಂಬ ಹೆಸರನ್ನು ಹಾಗೆ ಕೆದಕುವವರು ವಿರಳ. ಒಬ್ಬನನ್ನು ಕೊಲ್ಲಲು ಆಡಿದ ಮಾತು ಬೇರೆ, ತಾನು ಉಳಿಯಲು ತೊಟ್ಟ ವೇಷ ಬೇರೆ ಎಂಬ ವಿವೇಕ ನಮ್ಮ ಜನಕ್ಕೆ ಹಿಂದಿನಿಂದಲೂ ಇದೆ. ಅಲ್ಲದೆ ಅಜ್ಞಾತವಾಸಕ್ಕೆ ಗಡುವಿತ್ತು, ಒಂದು ವರ್ಷ. ಗಡುವು ಮುಗಿದ ದಿನ ಬೃಹನ್ನಳೆ ತನ್ನ ನಿಜ ಹೆಸರನ್ನು ಹೇಳಿಕೊಳ್ಳಬಹುದಿತ್ತು. ಗಡುವೇ ಇಲ್ಲದ ಅಜ್ಞಾತವಾಸವನ್ನು ನಾವು ಕೆಲವರಿಗೆ ವಿಧಿಸಿ, ಮೇಲೆ ಅವರನ್ನು ಕಪಟಿಗಳೆಂದು ಬೈದರೆ ಅದು ಯಾವ ನ್ಯಾಯ?

ಊರು ಬಿಟ್ಟವರಿಗಂತೂ ಈ ವೇಷದ ವಿಷಯ ಚೆನ್ನಾಗಿ ಗೊತ್ತು. ಹಿಂದೆ ಘಟ್ಟದ ಕೆಳಗಿನಿಂದ ಮುಂಬಯಿಗೆ ಬಂದ ಹುಡುಗ ಹೊಟೇಲಿನಲ್ಲಿ ಕಪ್ಪು-ಬಶಿ ತೊಳೆಯುತ್ತಿದ್ದರೂ ಮೊದಲ ಸಂಬಳ ಕೈಗೆ ಬಂದಾಗ ಸ್ಟುಡಿಯೋಕ್ಕೆ ಹೋಗುತ್ತಿದ್ದ. ಅಲ್ಲಿ ಮೊಳೆಗೆ ತೂಗುಹಾಕಿರುತ್ತಿದ್ದ ಕೋಟು ತೊಟ್ಟು, ಬಣ್ಣದ ಪರದೆಯ ಮುಂದೆ ನಿಂತು, ಯಾವ ತಂತಿಗೂ ಸೇರದ ಟೆಲಿಫೋನನ್ನು ಕಿವಿಗೆ ಹಿಡಿದು ಪಟ ತೆಗೆಸಿ ಊರಿಗೆ ಕಳುಹಿಸುತ್ತಿದ್ದ. ತಾಯಿ ಅದನ್ನು ದೇವರ ಪಟದ ಪಕ್ಕದಲ್ಲಿ ತೂಗುಹಾಕುತ್ತಿದ್ದಳು. ಆ ಪಟ ಸುಳ್ಳೆನ್ನುವ ಧೈರ್ಯ ನನಗಿಲ್ಲ. ಕನ್ನಡದಲ್ಲಿ ಅದಕ್ಕೆ ಭಾವಚಿತ್ರ ಎನ್ನುತ್ತೇವೆ, ಮುಖಚಿತ್ರ ಎನ್ನುವುದಿಲ್ಲ. ಹುಡುಗನ ಕೋಟು ಎರವಲಾದರೂ, ತಾಯಿ ಸಮಾಧಾನದಿಂದಿರಲಿ ಎಂಬ ಅವನ ಭಾವ ಎರವಲಲ್ಲ. ಆದರೆ ಕಷ್ಟವಿರುವುದು ಮುಂದೆ. ವರ್ಷ ಕಳೆದಂತೆ ಊರಿನವರು ಪ್ರೀತಿಸುವುದು ಪಟದ ಹುಡುಗನನ್ನು, ಹುಡುಗನನ್ನಲ್ಲ. ರಜೆಗೆ ಹೋದಾಗ ಅವನು ಆ ಪಟದೊಳಗೆ ಹೊಕ್ಕು ಕೂರಬೇಕಾಗುತ್ತದೆ.

ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹಿಡಿದವರು ಛಾಯಾಚಿತ್ರಕಾರ ಸುನಿಲ್ ಗುಪ್ತಾ. 1953ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, 1969ರಲ್ಲಿ ಮನೆಯವರೊಡನೆ ಕೆನಡಾದ ಮಾಂಟ್ರಿಯಲ್‌ಗೆ ವಲಸೆ ಹೋದರು. ಆಮೇಲೆ ವ್ಯಾಪಾರ ಶಿಕ್ಷಣಕ್ಕೆಂದು ನ್ಯೂಯಾರ್ಕಿಗೆ ಹೋದವರು ಅದನ್ನು ಬಿಟ್ಟು ಕ್ಯಾಮರಾ ಹಿಡಿದರು. 1976ರಲ್ಲಿ ಅಲ್ಲಿನ ಕ್ರಿಸ್ಟೊಫರ್ ಬೀದಿಯಲ್ಲಿ ಸಲಿಂಗಪ್ರೇಮಿಗಳು ಯಾವ ಅಳುಕೂ ಇಲ್ಲದೆ ಹಗಲು ಹೊತ್ತು ನಡೆದಾಡುವುದನ್ನು ಚಿತ್ರಿಸಿದರು. ಹತ್ತು ವರ್ಷದ ಮೇಲೆ, 1986-87ರಲ್ಲಿ, ಲಂಡನ್ನಿನ ಒಂದು ಛಾಯಾಚಿತ್ರ ಗ್ಯಾಲರಿಗಾಗಿ ದಿಲ್ಲಿಗೆ ಬಂದು, ತಮ್ಮಂಥವರ ಭಾವಚಿತ್ರ ತೆಗೆಯಲು ಹೊರಟರು. ಆ ಮಾಲಿಕೆಯ ಹೆಸರು 'ಎಕ್ಸೈಲ್ಸ್', ದೇಶಭ್ರಷ್ಟರು. ಇಂಡಿಯಾ ಗೇಟ್, ಹುಮಾಯೂನನ ಗೋರಿ, ಹೌಜ್ ಖಾಸ್, ನಮ್ಮ ದಿಲ್ಲಿ ಕನ್ನಡಿಗರು ನೆಂಟರು ಬಂದಾಗಲೆಲ್ಲ ತೋರಿಸಲು ಕರೆದೊಯ್ಯುವ ಜಾಗಗಳೇ. ಅಲ್ಲಿ ಇಬ್ಬರು, ಒಬ್ಬರು, ಕೂತಿದ್ದಾರೆ, ನಿಂತಿದ್ದಾರೆ. ಹಲವರ ಮುಖ ಅರೆಬರೆ ಮರೆಯಾಗಿದೆ. ಚಿತ್ರದ ಕೆಳಗೆ ಅಂಥವರಾಡಿದ ಮಾತು. 1860ರ ದಂಡಸಂಹಿತೆಯ 377ನೆಯ ಕಲಮು ಆಗ ಜಾರಿಯಲ್ಲಿತ್ತು. ಮುಖ ತೋರುವುದೆಂದರೆ ನೌಕರಿ, ಮನೆ, ಮಾನ ಎಲ್ಲವನ್ನೂ ಪಣಕ್ಕೊಡ್ಡುವುದು.

ಈ ಹೆಸರನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ದೇಶ ಬಿಟ್ಟವರು ಗುಪ್ತಾ. ಚಿತ್ರದಲ್ಲಿರುವವರು ದಿಲ್ಲಿಯಲ್ಲೇ ಇದ್ದರು, ಸಂಜೆ ತಮ್ಮ ಮನೆಗೇ ಹೋಗಿ ಅಮ್ಮ ಮಾಡಿದ ರೊಟ್ಟಿ ತಿನ್ನುತ್ತಿದ್ದರು. ಆದರೂ ದೇಶಭ್ರಷ್ಟರೆಂಬ ಹೆಸರು ಅವರಿಗೇ ಸಲ್ಲುತ್ತದೆ. ಊರು ಬಿಟ್ಟ ನಮಗೆ ಪರಕೀಯತೆ ಎಂದರೆ ಭಾಷೆ ತಿಳಿಯದ ಬೀದಿ. ಸ್ವಂತ ಮನೆಯ ಊಟದ ಮಣೆಯ ಮೇಲೆ ಕೂತು ಪರಕೀಯನಾಗುವುದು ಅದಕ್ಕಿಂತ ದೊಡ್ಡ ವಲಸೆ, ಮತ್ತು ಅದಕ್ಕೆ ಹಿಂದಿರುಗುವ ಬಸ್ಸಿಲ್ಲ.

ಗುಪ್ತಾ 2005ರ ಸುಮಾರಿಗೆ ದಿಲ್ಲಿಗೆ ಮರಳಿ ಕೆಲವು ವರ್ಷ ನಿಂತರು. ಆಗ ತೆಗೆದ ಮಾಲಿಕೆ 'ಮಿಸ್ಟರ್ ಮಲ್ಹೋತ್ರಾಸ್ ಪಾರ್ಟಿ'. ದಿಲ್ಲಿಯಲ್ಲಿ ಇಂಥವರು ಸೇರಬೇಕೆಂದರೆ ಯಾರೋ ಒಬ್ಬ ಕಲ್ಪಿತ ಗೃಹಸ್ಥನ ಹೆಸರಿನಲ್ಲಿ ಖಾಸಗಿ ಔತಣವೆಂದು ಫಲಕ ಹಾಕುತ್ತಿದ್ದರಂತೆ. ಆ ಗೃಹಸ್ಥನೇ ಮಲ್ಹೋತ್ರಾ. 1947ರ ದೇಶವಿಭಜನೆಯಲ್ಲಿ ಎಲ್ಲವನ್ನೂ ಬಿಟ್ಟು ಬಂದು ದಿಲ್ಲಿಯನ್ನು ಕಟ್ಟಿದ ಪಂಜಾಬಿ ನಿರಾಶ್ರಿತನ ಹೆಸರದು. ಒಬ್ಬ ವಲಸಿಗನ ಹೆಸರಿನ ನೆರಳಿನಲ್ಲಿ ಇನ್ನೊಂದು ಬಗೆಯ ನಿರಾಶ್ರಿತರು! ಈ ಸಲ ಚಿತ್ರದಲ್ಲಿರುವವರು ಹಗಲು ಬೆಳಕಿನಲ್ಲಿ ದಿಲ್ಲಿಯ ಬೀದಿಯಲ್ಲಿ ನಿಂತು ನೇರವಾಗಿ ನಮ್ಮನ್ನು ನೋಡುತ್ತಾರೆ. ಎರಡು ಮಾಲಿಕೆಗಳ ನಡುವೆ ಇಪ್ಪತ್ತು ವರ್ಷ. ಆಚೀಚೆಯ ವರ್ಷಗಳಲ್ಲಿ ನ್ಯಾಯಾಲಯಗಳೂ ಹಿಂದುಮುಂದು ನೋಡಿದವು: 2009ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಇದು ಅಪರಾಧವಲ್ಲವೆಂದಿತು, 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಸರ್ವೋಚ್ಚ ನ್ಯಾಯಾಲಯ ಅಪರಾಧವಲ್ಲವೆಂದು ಸಾರಿತು.

ಈ ವಿಷಯ ಎತ್ತಿದಾಗ ನಮ್ಮ ಸಂಘದ ಹಿರಿಯರೊಬ್ಬರು ಎರಡು ಆಕ್ಷೇಪ ಹೇಳಿದರು. ಇದೆಲ್ಲ ಪರದೇಶದಿಂದ ಬಂದ ರೋಗ ಎಂಬುದು ಮೊದಲನೆಯದು. ಪರದೇಶದಿಂದ ಹಡಗಿನಲ್ಲಿ ಬಂದದ್ದು 377ನೆಯ ಕಲಮು ಎಂದಷ್ಟೇ ಅದಕ್ಕೆ ಉತ್ತರ. ಎರಡನೆಯದು ಹೆಚ್ಚು ತೂಕದ್ದು. "ಅವರವರ ಮನೆಯೊಳಗಿನ ಸಂಗತಿ ಅವರವರಿಗೆ. ಅದನ್ನು ಗೋಡೆಗೆ ತೂಗುಹಾಕುವುದು ಯಾಕೆ ಮಾರಾಯ್ರೆ?" ಎಂದರು. ಮೊದಲು ನನಗೂ ಇದು ಸರಿ ಎನ್ನಿಸಿತ್ತು. ಆಮೇಲೆ ನಮ್ಮದೇ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದೆ. ಮದುವೆಯ ಇಪ್ಪತ್ತೈದನೆಯ ವರ್ಷ, ಐವತ್ತನೆಯ ವರ್ಷ ಎಂದು ದಂಪತಿಗಳ ಭಾವಚಿತ್ರ ಎಷ್ಟು ಸಂಚಿಕೆಗಳಲ್ಲಿಲ್ಲ! ಹಾರ ಹಾಕಿಕೊಂಡು, ಒಬ್ಬರಿಗೊಬ್ಬರು ಒತ್ತಿ ಕೂತು, ಮಕ್ಕಳು ಮೊಮ್ಮಕ್ಕಳ ಹೆಸರುಸಹಿತ. ಯಾರೂ ಅದನ್ನು ಖಾಸಗಿ ಎನ್ನಲಿಲ್ಲ. ನಮ್ಮ ಪ್ರೀತಿಗೆ ಪುಟ, ಶುಭಾಶಯ, ಊಟ. ಅವರದಕ್ಕೆ ಮಾತ್ರ ಗೋಡೆಯ ಒಳಗಿನ ಮರ್ಯಾದೆ. ಹಿರಿಯರು ಒಪ್ಪಿದರೆಂದು ಹೇಳಲಾರೆ. ಆದರೆ ಆ ದಿನ ಚಹಾ ಮುಗಿಯುವವರೆಗೆ ಬೇರೆ ಮಾತನ್ನೂ ಎತ್ತಲಿಲ್ಲ.

ಇಷ್ಟೆಲ್ಲ ಬರೆಯುವುದಕ್ಕೆ ನನಗೇನು ಅಧಿಕಾರ ಎಂದು ಕೇಳಿದರೆ, ನಾನು ಬಚ್ಚಿಟ್ಟ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ.

ನನ್ನ ಸೋದರಮಾವ ಒಬ್ಬರು ಪರೇಲ್ ಕಡೆಯ ಒಂದು ಚಾಳಿನಲ್ಲಿದ್ದರು. 1951ರಲ್ಲಿ ಬಂದವರು, ಹಗಲು ಹೊಟೇಲು, ಸಂಜೆ ರಾತ್ರಿಶಾಲೆ, ಆಮೇಲೆ ಒಂದು ಕಂಪೆನಿಯಲ್ಲಿ ಗುಮಾಸ್ತಿಕೆ. ಮೂವರು ತಂಗಿಯರ ಮದುವೆ ಮಾಡಿದರು, ನನ್ನ ತಾಯಿಯದೂ ಸೇರಿ. ತಾವು ಮಾಡಿಕೊಳ್ಳಲಿಲ್ಲ. ಅವರ ಖೋಲಿಯಲ್ಲಿ ರತ್ನಾಗಿರಿ ಕಡೆಯ ಇನ್ನೊಬ್ಬರಿದ್ದರು, ಪಾರ್ಟ್ನರ್ ಎನ್ನುತ್ತಿದ್ದೆವು. ಮುಂಬಯಿಯಲ್ಲಿ ಒಂದು ಖೋಲಿಯಲ್ಲಿ ಆರು ಜನ ಮಲಗುತ್ತಿದ್ದ ಕಾಲ. ಇಬ್ಬರಿದ್ದರೆ ಯಾರು ಕೇಳುತ್ತಾರೆ? ಮೂವತ್ತು ವರ್ಷಕ್ಕೆ ಮಿಕ್ಕಿ ಇಬ್ಬರೂ ಅಲ್ಲೇ ಇದ್ದರು. ಆರು ಜನರಿದ್ದ ಖೋಲಿಗಳೆಲ್ಲ ಸಂಸಾರಗಳಾಗಿ ಚದುರಿದ ಮೇಲೂ ಇದ್ದರು. ಮಾವನ ಕೊನೆಯ ಎರಡು ವರ್ಷ ಹಾಸಿಗೆಯಲ್ಲಿ ಕಳೆದವು. ಮೈ ಒರೆಸಿ, ಗಂಜಿ ಕುಡಿಸಿ, ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಆ ಪಾರ್ಟ್ನರ್. ನಾವು ಭಾನುವಾರ ಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದೆವು.

1994ರಲ್ಲಿ ಮಾವ ತೀರಿಕೊಂಡರು. ಉತ್ತರಕ್ರಿಯೆಯ ದಿನ ಇಡಲು, ಪತ್ರಿಕೆಯಲ್ಲಿ ಹಾಕಲು ಒಂದು ಭಾವಚಿತ್ರ ಬೇಕಾಯಿತು. ಖೋಲಿಯಲ್ಲಿದ್ದದ್ದು ಒಂದೇ: 1968ರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು, ಎರಡು ಕುರ್ಚಿ, ಇಬ್ಬರೂ ಬಿಳಿ ಅಂಗಿ. ಪಾರ್ಟ್ನರರ ಕೈ ಮಾವನ ಹೆಗಲ ಮೇಲೆ. ಊರಿನಿಂದ ಬಂದ ನೆಂಟರು ಅದನ್ನು ನೋಡಿ, "ಇದರಲ್ಲಿ ಇವರನ್ನು ತೆಗೆಸು" ಎಂದರು. ಸಿಟ್ಟಿನಿಂದೇನೂ ಅಲ್ಲ. ಸತ್ತವರೊಡನೆ ಬದುಕಿರುವವರ ಚಿತ್ರಕ್ಕೆ ಹಾರ ಹಾಕಬಾರದಲ್ಲ, ಅಷ್ಟೇ ಕಾರಣ ಹೇಳಿದರು. ಕಾರಣ ಸರಿಯಾಗಿಯೇ ಇತ್ತು. ನಾನು ಅದನ್ನು ಸ್ಟುಡಿಯೋಕ್ಕೆ ಕೊಟ್ಟೆ. ಅಲ್ಲಿಯವನು ಇನ್ನೊಂದು ಪಟ ತೆಗೆಯುವ ಗೋಜಿಗೆ ಹೋಗದೆ ಮೂಲ ಚಿತ್ರವನ್ನೇ ನಡುವೆ ಕತ್ತರಿಸಿದ. ಹೆಗಲ ಮೇಲೆ ಉಳಿದ ಬೆರಳುಗಳನ್ನು ಕುಂಚದಿಂದ ಅಂಗಿಯ ಬಣ್ಣದಲ್ಲಿ ಮುಚ್ಚಿದ. ಚೆನ್ನಾಗಿಯೇ ಮುಚ್ಚಿದ್ದ.

ಅವರಿಬ್ಬರು ಏನಾಗಿದ್ದರು? ನನಗೆ ತಿಳಿಯದು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಂದು ಹೊಸ ತಿಳಿವಳಿಕೆಯ ಹುರುಪಿನಲ್ಲಿ ಅವರಿಗೊಂದು ಹೆಸರಿಟ್ಟು ಫಲಕ ಹಾಕುವುದೂ ಇನ್ನೊಂದು ಬಗೆಯ ಕತ್ತರಿಯೇ. ಖಖ್ಖರರು ತಮ್ಮ ಬೆನ್ನನ್ನು ತಾವೇ ಬರೆದರು. 'ಎಕ್ಸೈಲ್ಸ್'ನವರು ಮುಖ ಎಷ್ಟು ಕಾಣಬೇಕೆಂದು ತಾವೇ ತೀರ್ಮಾನಿಸಿದರು. ಮರೆಯಾಗುವುದೂ ತೋರುವುದೂ ಮುಖದ ಒಡೆಯನ ಹಕ್ಕು; ಅದರಲ್ಲಿ ಸುಳ್ಳು ಎಲ್ಲಿದೆ? ನಾನು ಮಾಡಿದ್ದು ಬೇರೆ. ಒಬ್ಬರು ತಾವಾಗಿ ಹೋಗಿ, ದುಡ್ಡು ಕೊಟ್ಟು, ಹೆಗಲ ಮೇಲೆ ಕೈಯಿಟ್ಟು ತೆಗೆಸಿಕೊಂಡ ಚಿತ್ರದಿಂದ ಆ ಕೈಯನ್ನು ಅಳಿಸಿದೆ. ಅವರು ಸ್ನೇಹಿತರಷ್ಟೇ ಆಗಿದ್ದರೂ ಅದು ತಪ್ಪೇ ಎಂಬುದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಖೋಲಿ ಪಗಡಿಯದು, ಮಾವನ ಹೆಸರಿನಲ್ಲಿತ್ತು. ನೆಂಟರು ಮಾತುಕತೆ ಮುಗಿಸಿ ಕೈಬದಲು ಮಾಡಿದರು. ಉಯಿಲು ಬರೆದಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತೇನೋ, ಯಾರು ಬರೆಯುತ್ತಾರೆ? 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸ ಎಂದಾಗ ನನಗೆ ನೆನಪಾದದ್ದು ಆ ಖೋಲಿ. ಅಪರಾಧವಲ್ಲ ಎನ್ನುವುದಕ್ಕೂ ನಿನ್ನದು ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ತಿಳಿಯಲು ವಕೀಲರಾಗಬೇಕಿಲ್ಲ. ಎರಡು ಟ್ರಂಕು ಹಿಡಿದು ಅವರು ಹೊರಟ ದಿನ ಟ್ಯಾಕ್ಸಿಗೆ ಎತ್ತಿಕೊಟ್ಟವನು ನಾನೇ.

ಹೊರಡುವ ಮುನ್ನ ನಮ್ಮ ಮನೆಗೆ ಬಂದಿದ್ದರು. ಹೆಂಡತಿ ಚಹಾ ಕೊಟ್ಟಳು. ಬಶಿಗೆ ಸುರಿದುಕೊಂಡು ನಿಧಾನವಾಗಿ ಕುಡಿದು, "ಸ್ಟುಡಿಯೋಕ್ಕೆ ಕೊಟ್ಟ ಫೋಟೋ ಬಂತೇ?" ಎಂದು ಕೇಳಿದರು. ಎರಡು ತುಂಡೂ ಒಳಗಿನ ಕಪಾಟಿನಲ್ಲಿದ್ದವು. ಸ್ಟುಡಿಯೋದವನು ಕಳೆದುಹಾಕಿದ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ನೀನೇನು ಮಾಡುವುದಕ್ಕಾಗುತ್ತದೆ" ಎಂದು ಎದ್ದರು. ಚಪ್ಪಲಿ ಮೆಟ್ಟುವಾಗ, ಆ ಸ್ಟುಡಿಯೋದಲ್ಲಿ ಹಳೆಯ ನೆಗೆಟಿವ್ ಇಟ್ಟಿರುತ್ತಾರೆಯೇ ವಿಚಾರಿಸುತ್ತೀಯಾ ಎಂದು ಕೇಳಿ, ಒಂದು ಪೋಸ್ಟ್‌ಕಾರ್ಡಿನ ಮೇಲೆ ರತ್ನಾಗಿರಿಯ ವಿಳಾಸ ಬರೆದುಕೊಟ್ಟರು. ಆ ಕಾರ್ಡೂ ಕಪಾಟಿನಲ್ಲೇ ಇದೆ.